ಸಿಂಗಾಪುರದ ಜಿಗಣೆ, ನಮ್ಮೂರ ಸುಣ್ಣ

ಕೊಪ್ಪ

ಸಿಂಗಾಪುರಕ್ಕೆ ಹೋಗಿ ಬಂದವರು ಹೇಳುವ ಯಾವುದನ್ನೂ ನಾನು ನೋಡಲಿಲ್ಲ. ಬಾಯಿಂದ ನೀರು ಉಗುಳುವ ಸಿಂಹ, ಸಮುದ್ರದ ಬದಿಯ ದೊಡ್ಡ ಚಕ್ರ, ಕತ್ತಲಾದ ಮೇಲೆ ತೆರೆಯುವ ಮೃಗಾಲಯ ಇವೆಲ್ಲ ಅಲ್ಲಿ ಇವೆಯಂತೆ. ನಾನು ಒಂಬತ್ತು ದಿನ ನೋಡಿದ್ದು ನನ್ನ ತಮ್ಮನ ಎಡಗೈ ಹೆಬ್ಬೆರಳನ್ನು, ಮತ್ತು ಅದನ್ನು ಕಚ್ಚಿ ಹಿಡಿದಿದ್ದ ಜಿಗಣೆಗಳನ್ನು.

ನಾನು ಕೊಪ್ಪದಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ನೆನಪನ್ನು ನಂಬಬೇಡಿ, ಅದೇ ದಿನ ಬರೆದಿಟ್ಟದ್ದನ್ನು ಹುಡುಕಿ ಎಂದು ಅವರಿಗೆ ಹೇಳಿ ಹೇಳಿ ನನಗೂ ದಿನಚರಿಯ ಚಟ ಹತ್ತಿದೆ. ಇದನ್ನೂ ಆ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಆದರೆ ಅದರಲ್ಲಿ ಒಂದು ಸಾಲು ಸುಳ್ಳು. ಆ ಜಾಗ ಬಂದಾಗ ಹೇಳುತ್ತೇನೆ.

ತಮ್ಮ ಪ್ರಸನ್ನ ಸಿಂಗಾಪುರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡಿಗೆ ಮಾಡುತ್ತಾನೆ. ನನ್ನನ್ನೂ ಗೌರತ್ತೆಯನ್ನೂ ಒಮ್ಮೆ ಕರೆಸಿಕೊಳ್ಳಬೇಕೆಂದು ವರ್ಷಗಳಿಂದ ಹಟ ಹಿಡಿದಿದ್ದ. ಗೌರತ್ತೆ ಎಂದರೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ಬೇಗಾರಿನಿಂದ ನಮ್ಮಿಬ್ಬರನ್ನು ನೆಮ್ಮಾರಿಗೆ ಕರೆದುಕೊಂಡು ಹೋಗಿ ಸಾಕಿದವರು. ಈಗಲೂ ದಿನಾ ತೋಟಕ್ಕಿಳಿಯುತ್ತಾರೆ. ಅಂತೂ ಅವರ ಪಾಸ್‌ಪೋರ್ಟ್ ಆಯಿತು, ವೀಸಾ ಬಂತು, ಟಿಕೆಟ್ ಆಯಿತು. ಹೊರಡಲು ಮೂರು ದಿನವಿದೆ ಎನ್ನುವಾಗ ಪ್ರಸನ್ನನದೇ ಫೋನು.

"ಅಕ್ಕ, ಗಾಬರಿ ಆಗ್ಬೇಡ. ಕ್ಯಾಬೇಜ್ ಹೆಚ್ಚೋ ಮೆಷಿನ್ನು ಹೆಬ್ಬೆರಳು ತಿಂತು. ತಿರುಗಿ ಹೊಲಿದಿದಾರೆ. ನೀವು ಬನ್ನಿ, ನೋಡ್ಲಿಕ್ಕೆ ಇನ್ನೊಂದು ಜಾಗ ಆತು ಅಂತ ತಿಳ್ಕಳಿ."

ಅವನ ನಗುವಿನಲ್ಲಿ ಏನೋ ಸರಿಯಿರಲಿಲ್ಲ. ಹೆಬ್ಬೆರಳಿಲ್ಲದ ಅಡಿಗೆಯವನು ಕುಂಬಳಕಾಯಿಯನ್ನು ಒತ್ತಿ ಹಿಡಿಯುವುದು ಹೇಗೆ? ಕುದಿಯುವ ಸಾರಿನ ಪಾತ್ರೆಯ ಅಂಚನ್ನು ಇಕ್ಕಳದಲ್ಲಿ ಹಿಡಿದು ಇಳಿಸುವುದು ಹೇಗೆ? ಅವನಿಗೆ ಗೊತ್ತಿದ್ದ ಕೆಲಸ ಅದೊಂದೇ.

ಮೊದಲ ದಿನ: ವಿಮಾನ ನಿಲ್ದಾಣ

ಗೌರತ್ತೆಯ ಎಲೆಅಡಿಕೆ ಚೀಲದಲ್ಲಿ ಹೊಗೆಸೊಪ್ಪು ಇತ್ತು. ಅದನ್ನು ಸಿಂಗಾಪುರದೊಳಗೆ ಒಯ್ಯುವಂತಿಲ್ಲ ಎಂದು ಓದಿದ್ದೆ. ಬೆಂಗಳೂರಿನ ನಿಲ್ದಾಣದಲ್ಲೇ ಅದನ್ನು ಕಸದ ಡಬ್ಬಿಗೆ ಹಾಕಿಸಿದೆ. ಎಲೆ, ಅಡಿಕೆ ಎಲ್ಲ ಅದರ ಹಿಂದೆಯೇ ಹೋದವು. ಉಳಿದದ್ದು ಒಂದು ಸಣ್ಣ ಸ್ಟೀಲಿನ ಸುಣ್ಣದ ಡಬ್ಬಿ. ಅದಕ್ಕೆ ಮಾತ್ರ ಅತ್ತೆ ಒಪ್ಪಲಿಲ್ಲ.

"ಎಲೆ ಇಲ್ಲದೆ ಸುಣ್ಣ ಎಂತಕ್ಕೆ ಅತ್ತೆ?"

"ಇಂಬಳ ಹತ್ತಿದ್ರೆ?"

"ಸಿಂಗಾಪುರದಲ್ಲಿ ಇಂಬಳ ಇಲ್ಲ."

"ನೀ ಹೋಗಿ ಕಂಡಿದೀಯನೆ?"

ನಾನು ಕಂಡಿರಲಿಲ್ಲ. ತೋಟದಲ್ಲಿ, ಕಾಡುದಾರಿಯಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ನೆಲದ ಜಿಗಣೆ ಇಂಬಳ. ಅದಕ್ಕೆ ಸುಣ್ಣ ಮುಟ್ಟಿಸಿದರೆ ಅದು ಸುರುಟಿಕೊಂಡು ಬೀಳುತ್ತದೆ. ನಮ್ಮ ಕಡೆ ಮಕ್ಕಳು ಅಕ್ಷರಕ್ಕಿಂತ ಮೊದಲು ಅದನ್ನು ಕಲಿಯುತ್ತಾರೆ. ನೆಮ್ಮಾರಿನಲ್ಲಿ ಶಾಲೆಗೆ ನಡೆದುಹೋಗುವಾಗ ನನ್ನ ಪಾಟಿಚೀಲದಲ್ಲೂ ಬಳಪದ ಜೊತೆ ಸುಣ್ಣದ ಗುಳಿಗೆ ಇರುತ್ತಿತ್ತು. ಕೊನೆಗೆ, ಎಲ್ಲೆಂದರಲ್ಲಿ ತೆರೆದು ಕೈ ಬಿಳಿ ಮಾಡಿಕೊಳ್ಳದಂತೆ, ಡಬ್ಬಿಯನ್ನು ನಾನೇ ಇಸಿದುಕೊಂಡೆ. ಸ್ಕ್ಯಾನಿಂಗ್ ಮೆಷಿನ್ನಿನ ಹತ್ತಿರ ನಿಂತವನು ಅದನ್ನು ತೆರೆದ, ಮೂಸಿದ, ನನ್ನ ಮುಖ ನೋಡಿದ, ಮತ್ತೆ ಮೂಸಿದ. ಅತ್ತೆ, "ನೆಕ್ಕಿ ನೋಡಪ್ಪ, ಎಂತ ಆಗಲ್ಲ" ಎಂದರು. ಅವನು ಬೇಗ ಮುಚ್ಚಿಕೊಟ್ಟ.

ವಿಮಾನದಲ್ಲಿ ಕೂತು ಆ ದಿನದ ಪುಟದ ಕೊನೆಗೆ ಬರೆದೆ: ಅತ್ತೆಯ ಸುಣ್ಣದ ಡಬ್ಬಿ ನನ್ನ ಬ್ಯಾಗಿನಲ್ಲಿದೆ.

ಎರಡನೆಯ ದಿನ: ವಾರ್ಡು

ಆಸ್ಪತ್ರೆ ಎಷ್ಟು ಸ್ವಚ್ಛವಾಗಿತ್ತೆಂದರೆ ಚಪ್ಪಲಿ ಎಲ್ಲಿ ಬಿಡಬೇಕೆಂದು ಅತ್ತೆ ಬಾಗಿಲಲ್ಲೇ ನಿಂತರು. ಬಿಡಬೇಕಾಗಿಲ್ಲ ಎಂದ ಮೇಲೂ ತುದಿಗಾಲಲ್ಲೇ ನಡೆದರು. ಪ್ರಸನ್ನ ಒರಗಿ ಕೂತಿದ್ದ. ಕೈಯನ್ನು ದಿಂಬಿನ ಮೇಲೆ ಎತ್ತರದಲ್ಲಿ ಇಟ್ಟಿದ್ದರು. ಬೆರಳಿನ ಸುತ್ತ ಬಿಳಿ ಗಾಜ್ ಬಟ್ಟೆ, ಅದರ ನಡುವೆ ಒಂದು ಕಿಂಡಿ. ಕಿಂಡಿಯಲ್ಲಿ ಕಪ್ಪಗೆ, ಮಿಣಮಿಣ ಹೊಳೆಯುತ್ತ ಏನೋ ಉಸಿರಾಡುತ್ತಿತ್ತು.

"ಹೋ," ಎಂದು ಅತ್ತೆ ಬಗ್ಗಿ ನೋಡಿದರು. "ಇದು ಇಂಬಳ ಅಲ್ಲ ಕಣೆ. ಕೆರೆ ಜಿಗಣೆ."

ನಾನು ಮೊದಲು ನೋಡಿದ್ದು ನರ್ಸಿನ ಮುಖವನ್ನು. ಇವರಿಗೆ ಗೊತ್ತಿಲ್ಲದೆ ಹತ್ತಿಕೊಂಡಿದೆಯೇನೋ ಎಂಬ ಮೂರ್ಖ ಯೋಚನೆ. ನರ್ಸಿನ ಹೆಸರು ಲಿಮ್, ನಲವತ್ತರ ಆಸುಪಾಸಿನ ಚೀನೀ ಹೆಂಗಸು. ಅವಳು ಒಂದು ಚೀಟಿಯಲ್ಲಿ ಸಮಯ ಬರೆದುಕೊಳ್ಳುತ್ತಿದ್ದಳು. ಜಿಗಣೆ ಎಷ್ಟು ಹೊತ್ತಿಗೆ ಕಚ್ಚಿತು, ಎಷ್ಟು ಹೊತ್ತಿಗೆ ಬಿತ್ತು ಎಂಬುದಕ್ಕೆ ಪ್ರತ್ಯೇಕ ಪಟ್ಟಿ. ಉಳಿದ ಜಿಗಣೆಗಳು ಫ್ರಿಜ್ಜಿನಲ್ಲಿ, ನೀರಿನ ಜಾಡಿಯಲ್ಲಿ.

ನನಗೆ ತಲೆಯಿಂದ ಕಾಲಿನವರೆಗೆ ಅನುಮಾನ ಹತ್ತಿತು. ಗಾಯವಾಗಿ ರಕ್ತ ಹೋದವನ ಮೈಯಿಂದ ಇನ್ನೂ ರಕ್ತ ತೆಗೆಯುವುದು ಯಾವ ಚಿಕಿತ್ಸೆ? ನಾನು ಪಾಠ ಮಾಡುವ ಪುಸ್ತಕದಲ್ಲಿ ಇದು ಹಳೆಯ ಕಾಲದ ಯುರೋಪಿನ ಅಧ್ಯಾಯಕ್ಕೆ ಸೇರಿದ್ದು, ಮಕ್ಕಳು ನಗುವ ಜಾಗ. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ, ಹೊರಗಿನಿಂದ ಬಂದ ಒಬ್ಬ ಅಡಿಗೆಯವನ ಮೇಲೆ ಏನನ್ನೋ ಪ್ರಯೋಗ ಮಾಡುತ್ತಿದ್ದಾರೆಯೆ? ಇವರು ತಮ್ಮವರಿಗೆ ಇದನ್ನು ಹಚ್ಚುತ್ತಾರೆಯೆ?

"ಎಂತಕ್ಕೆ ಸಹಿ ಹಾಕಿದೆ ಅಂತ ಓದಿ ನೋಡಿದ್ಯ?" ಎಂದು ಪ್ರಸನ್ನನನ್ನು ಗದರಿದೆ.

"ಅಕ್ಕ, ನನ್ನ ಬೆರಳು ಐಸಿನ ಡಬ್ಬಿಯಲ್ಲಿ ಕೂತಿತ್ತು. ನಾನು ಓದ್ತಾ ಕೂರ್ಲಾ?"

ಡಾಕ್ಟರು ಬಂದು ವಿವರಿಸಿದರು. ಬೆರಳಿಗೆ ರಕ್ತ ತರುವ ನಾಳವನ್ನು ಜೋಡಿಸಲು ಸಾಧ್ಯವಾಗಿದೆ. ರಕ್ತವನ್ನು ವಾಪಸು ಒಯ್ಯುವ ನಾಳಗಳು ಬಹಳ ಸಣ್ಣವು, ಜೋಡಿಸಿದರೂ ಸರಿಯಾಗಿ ಹರಿಯುತ್ತಿಲ್ಲ. ಒಳಗೆ ಬಂದ ರಕ್ತ ಅಲ್ಲೇ ನಿಂತು ಬೆರಳು ಊದಿ ನೀಲಿಯಾಗುತ್ತದೆ, ಹಾಗೇ ಬಿಟ್ಟರೆ ಸಾಯುತ್ತದೆ. ಹೊಸ ದಾರಿಗಳು ತಾವಾಗಿ ಹುಟ್ಟಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಈ ಜಿಗಣೆಗಳು ಆ ರಕ್ತವನ್ನು ಹೊರಗೆಳೆಯಬೇಕು. ಅವರು ಹೇಳಿದ್ದನ್ನು ನಾನು ಕನ್ನಡಕ್ಕೆ ತರುತ್ತಿರುವಾಗಲೇ ಅತ್ತೆ ತಲೆಯಾಡಿಸಿಬಿಟ್ಟರು.

"ಗದ್ದೆಗೆ ನೀರು ಬರ್ತಾ ಇದೆ, ಹೋಗ್ಲಿಕ್ಕೆ ದಾರಿ ಇಲ್ಲ. ಬದು ಕಡಿದು ಬಿಡ್ಬೇಕು, ಇಲ್ದಿದ್ರೆ ಸಸಿ ಕೊಳೀತದೆ. ಇಷ್ಟೇ ಅಲ್ದನೆ?"

ಇಷ್ಟೇ. ಆದರೆ ನನಗೆ ಸಮಾಧಾನವಾಗಲಿಲ್ಲ. ಅತ್ತೆಯ ಮುಂದಿನ ಮಾತು ನನ್ನ ಅನುಮಾನವನ್ನು ಹೆಚ್ಚಿಸಿತು. ಅವರ ಅಮ್ಮನ ತವರು ಕಡಹಿನಬೈಲು. ಅಲ್ಲಿ ಅವರ ಅಜ್ಜಿ ಕೆರೆಯ ಜಿಗಣೆ ಹಿಡಿದು ಮಡಕೆಯಲ್ಲಿಟ್ಟುಕೊಂಡು ಊದಿದ ಕಾಲು, ಮಾಗದ ಹುಣ್ಣು ಎಂದು ಬಂದವರಿಗೆ ಹಚ್ಚುತ್ತಿದ್ದರಂತೆ. ನರಸಿಂಹರಾಜಪುರದ ಪೇಟೆಯಿಂದಲೂ ಜನ ಬರುತ್ತಿದ್ದರಂತೆ. ಇಷ್ಟು ವರ್ಷ ಒಮ್ಮೆಯೂ ಹೇಳದ ಅಜ್ಜಿ, ಸಿಂಗಾಪುರದ ವಾರ್ಡಿನಲ್ಲಿ ಜಿಗಣೆ ಕಂಡೊಡನೆ ಹೇಗೆ ಬಂದರು? ನೆನಪು ಎದುರಿಗೆ ಕಂಡದ್ದಕ್ಕೆ ತಕ್ಕಂತೆ ಹಳೆಯದನ್ನು ಹೊಲಿಯುತ್ತದೆ. ದಿನಚರಿಯಲ್ಲಿ "ಅತ್ತೆಯ ಅಜ್ಜಿ: ನಂಬಬಹುದೆ?" ಎಂದು ಬರೆದಿದ್ದೇನೆ.

ಮೂರನೆಯ ದಿನ: ಊಟದ ಮೇಜು ಮತ್ತು ಕಳೆದುಹೋದ ಜಿಗಣೆ

ಆಸ್ಪತ್ರೆಯ ಕೆಳಗೆ ಸಾಲು ಸಾಲು ಊಟದ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಮಧ್ಯಾಹ್ನ ಕಾಲಿಡಲು ಜಾಗವಿಲ್ಲ. ಆದರೂ ಒಂದು ಮೇಜು ಪೂರ್ತಿ ಖಾಲಿ. ಅದರ ಮೇಲೆ ಒಂದು ಕಾಗದದ ಕರವಸ್ತ್ರದ ಪೊಟ್ಟಣ ಮಾತ್ರ ಇತ್ತು. ಯಾರೋ ಬಿಟ್ಟುಹೋಗಿದ್ದಾರೆಂದು ಅತ್ತೆ ಅದನ್ನು ಎತ್ತಿಕೊಂಡು, ಎದುರು ಹೋಗುತ್ತಿದ್ದವರನ್ನೆಲ್ಲ ನಿಲ್ಲಿಸಿ "ನಿಮ್ದಾ? ನಿಮ್ದಾ?" ಎಂದು ಕೇಳತೊಡಗಿದರು. ತಟ್ಟೆ ಹಿಡಿದು ಬಂದ ಟೈ ಕಟ್ಟಿದ ಯುವಕ ತಬ್ಬಿಬ್ಬಾದ. ಅದು ಅವನದೇ, ಜಾಗ ಹಿಡಿಯಲು ಇಟ್ಟದ್ದು. ಇಲ್ಲಿ ಎಲ್ಲರೂ ಹಾಗೆ ಮಾಡುತ್ತಾರಂತೆ, ಯಾರೂ ಮುಟ್ಟುವುದಿಲ್ಲವಂತೆ.

"ಕೊಪ್ಪದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆಯೋ ಹಂಗೆ," ಎಂದು ಅತ್ತೆಗೆ ಅರ್ಥವಾಯಿತು. "ಆದ್ರೆ ಟವೆಲ್ ಆದ್ರೆ ಒಂದು ತೂಕ ಇರ್ತದೆ. ಈ ಕಾಗದಕ್ಕೆ ಇವ್ರು ಹೆದರ್ತಾರಲ್ಲ ಮಾರಾಯ್ತಿ!" ಯುವಕ "ಸಾರಿ ಆಂಟಿ" ಎಂದು ನಮ್ಮನ್ನೂ ಅದೇ ಮೇಜಿಗೆ ಕೂರಿಸಿಕೊಂಡ. ಗೊತ್ತಿಲ್ಲದ ಮುದುಕಿಯರೆಲ್ಲ ಇಲ್ಲಿ ಆಂಟಿ. ಆ ಮಟ್ಟಿಗೆ ಶೃಂಗೇರಿ ಪೇಟೆಯೂ ಸಿಂಗಾಪುರವೂ ಒಂದೇ.

ಮೇಲೆ ಬಂದರೆ ವಾರ್ಡಿನಲ್ಲಿ ಎಲ್ಲರೂ ನೆಲ ನೋಡುತ್ತ ಬಗ್ಗಿದ್ದರು. ಹೊಟ್ಟೆ ತುಂಬಿ ಬಿದ್ದ ಜಿಗಣೆಯೊಂದು ಕಾಣೆಯಾಗಿತ್ತು. ಹಚ್ಚಿದ್ದೆಷ್ಟು, ವಾಪಸು ಬಂದದ್ದೆಷ್ಟು ಎಂದು ಲಿಮ್ ತಾಳೆ ನೋಡುತ್ತಾಳೆ, ಒಂದು ತಪ್ಪಿದರೆ ಬಿಡುವುದಿಲ್ಲ. ಇಬ್ಬರು ನರ್ಸುಗಳು ಮಂಚದ ಕೆಳಗೆ ಟಾರ್ಚು ಹಾಕುತ್ತಿದ್ದರು. ಅತ್ತೆ ಸುಮ್ಮನೆ ಸುತ್ತ ನೋಡಿದರು, ಮಂಚದ ಕಂಬಿಗೆ ಹಾಕಿದ್ದ ಒದ್ದೆ ಬಟ್ಟೆಯನ್ನು ಬೆರಳ ತುದಿಯಲ್ಲಿ ಎತ್ತಿದರು. ಜಿಗಣೆ ಅಲ್ಲಿತ್ತು.

"ತುಂಬಿದ ಜಿಗಣೆ ತಂಪು ಹುಡುಕ್ತದೆ," ಎಂದರು. ಲಿಮ್ ಇಕ್ಕಳದಲ್ಲಿ ಅದನ್ನು ಎತ್ತಿ ಸ್ಪಿರಿಟ್ಟಿನ ಬಾಟಲಿಗೆ ಹಾಕಿದಳು. ಕೆಲಸ ಮುಗಿದದ್ದನ್ನು ಇನ್ನೊಬ್ಬರಿಗೆ ಹಚ್ಚುವಂತಿಲ್ಲ, ಸಾಯಿಸಬೇಕು, ಅದು ನಿಯಮ. ಅತ್ತೆಯ ಮುಖ ಕಿವುಚಿತು. "ನಮ್ಮಜ್ಜಿ ಅರಿಶಿನ ಮುಟ್ಟಿಸಿ ಕಾರಿಸಿ ಕೆರೆಗೆ ಬಿಡ್ತಿದ್ಲು" ಎಂದರು. ನಾನು ಅದನ್ನು ಅನುವಾದಿಸಲಿಲ್ಲ.

ಸಂಜೆ ಪಕ್ಕದ ಹಾಸಿಗೆಯ ಪರದೆ ಸ್ವಲ್ಪ ಸರಿದಿತ್ತು. ನಾನು ನೀರಿನ ನೆಪದಲ್ಲಿ ಎದ್ದು ಇಣುಕಿದೆ. ಒಬ್ಬ ಚೀನೀ ಮುದುಕರು ನನ್ನನ್ನೇ ನೋಡುತ್ತಿದ್ದರು. ತಡವಾಗಿ ನಾನು ತಲೆ ತಗ್ಗಿಸಿದೆ. ಅವರು ಬೇಸರಿಸದೆ, ಬಟ್ಟೆ ಸುತ್ತಿದ ತಮ್ಮ ತೋರುಬೆರಳನ್ನು ಎತ್ತಿ ತೋರಿಸಿದರು. ಕಿಂಡಿಯಲ್ಲಿ ಅದೇ ಕಪ್ಪು ಹೊಳಪು. ತಮ್ಮವರಿಗೂ ಹಚ್ಚುತ್ತಾರೆ. ಒಂದು ಅನುಮಾನ ಮುಗಿಯಿತು. ಉಳಿದವು ಉಳಿದೇ ಇದ್ದವು.

ನಾಲ್ಕನೆಯ ದಿನ: ಮಧ್ಯಾಹ್ನ

ಇಲ್ಲಿಂದ ಮುಂದೆ ನಾನು ನಿಧಾನವಾಗಿ ಬರೆಯಬೇಕು.

ಪ್ರಸನ್ನ ನೋವಿನ ಔಷಧಿಯಲ್ಲಿ ನಿದ್ದೆ ಹೋಗಿದ್ದ. ಅತ್ತೆ ಕೆಳಗೆ ಮುಖ ತೊಳೆದು ಬರುತ್ತೇನೆಂದು ಹೋಗಿದ್ದರು, ಗಾಜಿನ ಬಾಗಿಲು ತಾನಾಗಿ ತೆರೆಯುವುದನ್ನು ನಾಲ್ಕು ಸಲ ನೋಡದೆ ಅವರು ವಾಪಸು ಬರುತ್ತಿರಲಿಲ್ಲ. ಲಿಮ್ ಹೊಸ ಜಿಗಣೆ ಹಚ್ಚಿದಳು. ಅದು ಕಚ್ಚಿಕೊಂಡಿತು. ಪಕ್ಕದ ಹಾಸಿಗೆಯಿಂದ ಕರೆ ಬಂದು ಹೊರಟಾಗ ಅವಳು ಹೇಳಿದ್ದು ಸ್ಪಷ್ಟವಾಗಿತ್ತು: ನೋಡುತ್ತಿರಿ, ಅದು ಜಾಗ ಬಿಟ್ಟು ಕದಲಿದರೆ ಬೆಲ್ ಒತ್ತಿ, ಕೈಯಿಂದ ಮುಟ್ಟಬೇಡಿ.

ನಾನು ನೋಡುತ್ತ ಕೂತೆ. ಬೆರಳಿನಷ್ಟೇ ಉದ್ದವಿದ್ದದ್ದು ಉಬ್ಬುತ್ತ ಹೋಯಿತು. ತಮ್ಮನ ರಕ್ತ ಇನ್ನೊಂದರ ಹೊಟ್ಟೆಯಾಗುವುದನ್ನು ನೋಡುವುದು ಸುಲಭವಿರಲಿಲ್ಲ. ಆಗ ಅದು ತಲೆಯ ಕಡೆಯನ್ನು ಬಿಡಿಸಿಕೊಂಡಿತು. ಗಾಳಿಯಲ್ಲಿ ಒಮ್ಮೆ ತೂಗಿತು. ಗಾಜ್ ಬಟ್ಟೆಯ ಅಂಚಿನ ಕೆಳಗೆ, ಹೊಲಿಗೆ ಹಾಕಿದ ಗೆರೆಯ ಕಡೆಗೆ ಬಾಗಿತು. ಅದು ಗಾಯದ ಒಳಗೇ ನುಗ್ಗುತ್ತಿದೆ ಎಂದು ನನಗೆ ಅನ್ನಿಸಿತು. ನಿಜವಾಗಿ ನುಗ್ಗುತ್ತಿತ್ತೆ? ಗೊತ್ತಿಲ್ಲ. ಬೆಲ್ ನನ್ನ ಬಲಗೈಯಿಂದ ಒಂದು ಗೇಣು ದೂರದಲ್ಲಿತ್ತು. ಅದು ಖಂಡಿತ ಗೊತ್ತು, ಏಕೆಂದರೆ ಆಮೇಲೆ ಕೂತು ಅಳೆದು ನೋಡಿದ್ದೇನೆ.

ನನ್ನ ಕೈ ಬ್ಯಾಗಿಗೆ ಹೋಯಿತು. ಡಬ್ಬಿಯ ಮುಚ್ಚಳ ಹೆಬ್ಬೆರಳಲ್ಲೇ ಸಿಡಿಯಿತು. ತೋರುಬೆರಳಲ್ಲಿ ಸುಣ್ಣ ಬಂತು. ಶಾಲೆಯ ದಾರಿಯಲ್ಲಿ ಸಾವಿರ ಸಲ ಮಾಡಿದ್ದನ್ನು ಇನ್ನೊಂದು ಸಲ ಮಾಡಿದೆ.

ಜಿಗಣೆ ಸುರುಟಿಕೊಂಡಿತು. ಕುಡಿದದ್ದನ್ನೆಲ್ಲ ಹೊಲಿಗೆಯ ಮೇಲೆ ಕಾರಿ, ಹಾಸಿಗೆಗೆ ಬಿತ್ತು.

ಆಮೇಲೆ ಬೆಲ್ ಒತ್ತಿದೆ. ಲಿಮ್ ಬಂದವಳು ಮೊದಲು ಬೆರಳನ್ನು ನೋಡಿದಳು, ಆಮೇಲೆ ಬಟ್ಟೆಯ ಮೇಲಿನ ಬಿಳಿಯನ್ನು. ಇದೇನು ಎಂದಳು. ಸುಣ್ಣ ಎಂದೆ. ಯಾರು ಹಾಕಿದ್ದು ಎಂದಳು.

"ನನ್ನ ಅತ್ತೆ ಹಾಕಿರಬೇಕು," ಎಂದೆ.

ಹಾಕಿರಬೇಕು. ನೋಡದವರು ಊಹಿಸುವ ಹಾಗೆ. ಆ ಮಾತು ಎಲ್ಲಿಂದ ಬಂತೆಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಹಳ್ಳಿಯ ಮುದುಕಿ ಮಾಡಿದ್ದೆಂದರೆ ಯಾರೂ ಆಶ್ಚರ್ಯಪಡುವುದಿಲ್ಲ ಎಂಬ ಲೆಕ್ಕ ಇದ್ದಿರಬೇಕು. ನೋಡಿ, ಇಲ್ಲೂ "ಇರಬೇಕು" ಎಂದೇ ಬರೆಯುತ್ತಿದ್ದೇನೆ.

ಡಾಕ್ಟರು ಓಡಿಬಂದರು. ತೊಳೆದರು, ಮತ್ತೆ ತೊಳೆದರು. ಜಿಗಣೆ ಕಾರಿದ್ದು ಗಾಯಕ್ಕೆ ಹೋದರೆ ಅದರ ಹೊಟ್ಟೆಯ ರೋಗಾಣು ಸೇರುತ್ತದೆ, ಸುಣ್ಣವೂ ಚರ್ಮ ಸುಡುತ್ತದೆ, ಎರಡು ದಿನ ಕಾಯದೆ ಏನೂ ಹೇಳಲಾರೆವು ಎಂದರು. ಲಿಮ್ ಒಂದು ಫಾರ್ಮ್ ತುಂಬಿ, ಅತ್ತೆ ಇನ್ನು ವಾರ್ಡಿನೊಳಗೆ ಬರುವಂತಿಲ್ಲ ಎಂದು ತಿಳಿಸಿದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಏನೋ.

ಕಾರಿಡಾರಿನಲ್ಲಿ ಅತ್ತೆ ಎದುರಾದರು. ನನ್ನ ಬೆರಳ ತುದಿ ಬೆಳ್ಳಗಿತ್ತು. ಅವರು ಅದನ್ನು ನೋಡಿದರು.

"ಎಂತ ಆತು?"

"ಜಿಗಣೆಗೆ ಸುಣ್ಣ ತಾಗಿತು."

"ಕಾರ್ತಾ?"

"ಹೂಂ."

"ಹೊಲಿಗೆ ಮೇಲಾ?"

"ಹೂಂ. ಅತ್ತೆ, ಅವ್ರು ಯಾರು ಅಂತ ಕೇಳಿದ್ರು, ನಾನು..."

"ಕಾರಿದ್ದು ಹೊಲಿಗೆ ಮೇಲೆ ಅಂತ ಡಾಕ್ಟ್ರಿಗೆ ಸರಿಯಾಗಿ ಹೇಳಿದೀಯ ಇಲ್ವ? ಅದನ್ನ ಹೇಳು ಮೊದ್ಲು. ಯಾರು ಅನ್ನೋದು ಆಮೇಲೆ ನೋಡನ."

ಆ ಸಂಜೆ ಬೇಗಾರಿನ ಚಿಕ್ಕಪ್ಪನ ಮಗಳು ಬೆರಳು ಹೇಗಿದೆ ಎಂದು ಊರಿನಿಂದ ಮೆಸೇಜು ಮಾಡಿ ಕೇಳಿದಳು. ಅವಳಿಗೆ ಧ್ವನಿಸಂದೇಶ ಕಳಿಸಿದೆ: ಅತ್ತೆ ಜಿಗಣೆಗೆ ಸುಣ್ಣ ಹಚ್ಚಿಬಿಟ್ಟರು, ಈಗ ಕಾಯಬೇಕು. ದಿನಚರಿಯಲ್ಲಿ ಬರೆದೆ: ಮಧ್ಯಾಹ್ನ ಅತ್ತೆ ಜಿಗಣೆಗೆ ಸುಣ್ಣ ಹಚ್ಚಿದರು. ಸುಳ್ಳು ಸಾಲು ಅದು. ಅಕ್ಷರ ಎಂದಿಗಿಂತ ದುಂಡಗಿದೆ.

ಐದನೆಯ ದಿನ: ಕೆಳಗಿನ ಬೆಂಚು

ಆಸ್ಪತ್ರೆಯ ಬಾಗಿಲ ಹೊರಗೆ ಒಂದು ಕಲ್ಲು ಬೆಂಚು, ಎದುರಿಗೆ ಕತ್ತರಿಸಿ ದುಂಡಗೆ ಮಾಡಿದ ಗಿಡಗಳು. ಗೌರತ್ತೆ ಬೆಳಿಗ್ಗೆಯಿಂದ ಅಲ್ಲಿ ಕೂತರು. ಪಕ್ಕದಲ್ಲಿ ಕಾಗದದ ಕರವಸ್ತ್ರದ ಒಂದು ಪೊಟ್ಟಣ ಇಟ್ಟುಕೊಂಡಿದ್ದರು. ಯಾರಿಗೆ ಎಂದು ಕೇಳಿದೆ.

"ನಿಂಗೆ. ಕೆಳಗೆ ಬಂದಾಗ ಕೂರ್ಲಿಕ್ಕೆ ಜಾಗ ಬೇಡ್ವ?"

ನಾನು ಒಂದು ಗಂಟೆಗೊಮ್ಮೆ ಇಳಿದು ಬಂದು ಬೆರಳಿನ ಬಣ್ಣ ಹೇಳುತ್ತಿದ್ದೆ. ಬೆಳಿಗ್ಗೆ ನೇರಳೆ. ಹತ್ತಕ್ಕೆ ನೇರಳೆ. ಮಧ್ಯಾಹ್ನ ತುದಿಯಲ್ಲಿ ಕಪ್ಪು ಎನ್ನಿಸಿತು, ಬೆಳಕಿನದೂ ಇರಬಹುದು. ಅತ್ತೆ ಪ್ರತಿ ಸಲವೂ ಕೇಳುತ್ತಿದ್ದುದು ಒಂದೇ, "ಒತ್ತಿದ್ರೆ ಬಿಳಿ ಆಗಿ ವಾಪಸ್ ಬಣ್ಣ ಬರ್ತದ?" ಡಾಕ್ಟರೂ ಅದನ್ನೇ ಮಾಡಿ ನೋಡುತ್ತಿದ್ದರು.

ವಿಚಿತ್ರವಾದದ್ದು ಇನ್ನೊಂದಿತ್ತು. ಆ ದಿನ ಸಂಜೆಯ ಹೊತ್ತಿಗೆ ನನ್ನ ನೆನಪಿನಲ್ಲಿ, ಜಿಗಣೆಗೆ ಸುಣ್ಣ ಮುಟ್ಟಿಸಿದ ಕೈಯಲ್ಲಿ ಹಸಿರು ಗಾಜಿನ ಬಳೆ ಕಾಣತೊಡಗಿತ್ತು. ನಾನು ಬಳೆ ಹಾಕುವುದಿಲ್ಲ. ಬಳೆ ಅತ್ತೆಯದು. ಬರೆದ ಸಾಲು ಒಂದು ದಿನದೊಳಗೆ ಚಿತ್ರವಾಗಿ, ಕಂಡದ್ದರ ಜಾಗದಲ್ಲಿ ಕೂತಿತ್ತು. ಬೆರಳಿನ ಬಗ್ಗೆ ಇದ್ದ ಹೆದರಿಕೆಗಿಂತ ಬೇರೆ ಥರದ ಹೆದರಿಕೆ ನನಗೆ ಹುಟ್ಟಿದ್ದು ಆಗ. ಇನ್ನೊಂದು ವಾರ ಬಿಟ್ಟರೆ ನಾನು ಆಣೆ ಮಾಡಿ ಹೇಳಿಬಿಡುತ್ತಿದ್ದೆ.

ಪ್ರಸನ್ನ ಎಚ್ಚರವಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದ. "ಅತ್ತೆ ಯಾಕೆ ಬರ್ಲಿಲ್ಲ? ಬೆರಳು ಹೋಗದಾದ್ರೂ ಅವ್ರು ಇದ್ದಾಗ ಹೋಗ್ಲಿ" ಎಂದ. ಆ ಕೈ ಅಂಬೆಗಾಲಿಕ್ಕುವಾಗಿನಿಂದ ಅವರು ಬಲ್ಲ ಕೈ.

ಆರನೆಯ ದಿನ: ಫಾರ್ಮ್

ಬೆಳಿಗ್ಗೆ ಲಿಮ್ ಡ್ಯೂಟಿಗೆ ಬಂದ ಕೂಡಲೇ ಹೇಳಿದೆ. ಒಂದೇ ವಾಕ್ಯ. ಸುಣ್ಣ ಹಾಕಿದ್ದು ನಾನು. ಅವಳು ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ಹಳೆಯ ಫಾರ್ಮ್ ತೆಗೆದು, ಅತ್ತೆಯ ಹೆಸರಿನ ಮೇಲೆ ಅಳಿಸದೆ ಒಂದು ಗೆರೆ ಎಳೆದು, ಕೆಳಗೆ ನನ್ನ ಹೆಸರು ಬರೆದು, ಪಕ್ಕದಲ್ಲಿ ದಿನ ಮತ್ತು ಸಮಯ ಹಾಕಿ ಸಹಿ ಮಾಡಿಸಿಕೊಂಡಳು. ಹಳೆಯದು ಓದಲು ಬರುವ ಹಾಗೆಯೇ ಇರಬೇಕಂತೆ. ಇತಿಹಾಸದ ತರಗತಿಯಲ್ಲಿ ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿಕೊಟ್ಟಿಲ್ಲ.

"ಈಗ ಹೊರಗಿರಬೇಕಾದವರು ನೀವು," ಎಂದಳು. "ಆಂಟಿಯನ್ನು ಮೇಲೆ ಕಳಿಸಿ."

ಹಾಗಾಗಿ ಉಳಿದದ್ದನ್ನು ನಾನು ಬಾಗಿಲ ಗಾಜಿನಿಂದ ನೋಡಿದೆ. ಅತ್ತೆ ಮಂಚದ ಬದಿಯಲ್ಲಿ ಕೈ ಕಟ್ಟಿಕೊಂಡು ಕೂತರು. ಲಿಮ್ ಜಿಗಣೆ ಹಚ್ಚಿದಳು. ಅತ್ತೆ ಒಮ್ಮೆಯೂ ಅಲುಗಲಿಲ್ಲ. ಅದು ಕುಡಿದು, ದಪ್ಪವಾಗಿ, ತಾನಾಗಿ ಬಿಟ್ಟು ಬೀಳುವವರೆಗೆ ಅವರು ನೋಡುತ್ತಲೇ ಇದ್ದರು. ಬಿದ್ದಾಗ ಲಿಮ್‌ಳ ಕಡೆ ತಿರುಗಿ ಗಲ್ಲ ಎತ್ತಿದರು. ಅವಳೂ ಗಲ್ಲ ಎತ್ತಿ ಸಮಯ ಬರೆದುಕೊಂಡಳು. ಇಬ್ಬರಿಗೂ ನನ್ನ ಅನುವಾದ ಬೇಕಾಗಲಿಲ್ಲ.

ಎಂಟನೆಯ ದಿನ ಡಾಕ್ಟರು ಬೆರಳ ತುದಿಗೆ ಸೂಜಿ ಚುಚ್ಚಿದರು. ಕಪ್ಪು ರಕ್ತ ಬಂದರೆ ದಾರಿ ಇನ್ನೂ ಕಟ್ಟಿದೆ ಎಂದರ್ಥ. ಕೆಂಪು ಬಂತು. ಸೋಂಕೂ ಹತ್ತಿಲ್ಲ, ಇನ್ನು ಜಿಗಣೆ ಬೇಡ ಎಂದರು. ಪ್ರಸನ್ನ ಗಾಜಿನ ಆಚೆ ನಿಂತ ನನ್ನ ಕಡೆ ಆ ಬೆರಳನ್ನೇ ಎತ್ತಿ ತೋರಿಸಿದ.

ಕಡಹಿನಬೈಲು

ತಿಂಗಳುಗಳ ನಂತರ ಪ್ರಸನ್ನ ರಜೆಯಲ್ಲಿ ಬಂದ. ಕಡಹಿನಬೈಲಿನ ನೆಂಟರ ಮನೆಯಲ್ಲಿ ಪೂಜೆಯಿತ್ತು, ಅಡಿಗೆಗೆ ತಾನೇ ನಿಲ್ಲುತ್ತೇನೆಂದ. ಬೆರಳಿನ ತುದಿಗೆ ಇನ್ನೂ ಸ್ಪರ್ಶ ಬಂದಿಲ್ಲ, ಉಗುರು ಓರೆಯಾಗಿ ಬೆಳೆದಿದೆ. ಆದರೆ ಬೂದುಗುಂಬಳಕಾಯಿಯನ್ನು ಅದರಲ್ಲಿ ಒತ್ತಿ ಹಿಡಿದು ಹೆಚ್ಚುತ್ತಿದ್ದ. ನಾನು ಹೆಚ್ಚುವಾಗೆಲ್ಲ ಅಲ್ಲೇ ಸುಳಿದಾಡಿದೆ.

ಊಟದ ಪಂಕ್ತಿಯಲ್ಲಿ ನನ್ನ ಒಂದು ಬದಿಗೆ ಅತ್ತೆ, ಇನ್ನೊಂದು ಬದಿಗೆ ಆ ಊರಿನ ಮಂಜಪ್ಪಯ್ಯ. ಎಂಬತ್ತು ದಾಟಿದವರು. ನನ್ನ ಧ್ವನಿಸಂದೇಶ ಬೇಗಾರಿನಿಂದ ಹೊರಟು ಅಲ್ಲಿಗೂ ತಲುಪಿತ್ತು. ಅದನ್ನು ತಿದ್ದಿ ಇನ್ನೊಂದು ಕಳಿಸಬೇಕೆಂದು ನಾನು ಸಿಂಗಾಪುರದಿಂದಲೂ ಅಂದುಕೊಂಡೇ ಇದ್ದೆ. ಅಂದುಕೊಂಡೇ ಇದ್ದೆ.

"ಏನು ಗೌರಿ," ಎಂದು ಮಂಜಪ್ಪಯ್ಯ ನನ್ನನ್ನು ದಾಟಿ ಬಗ್ಗಿ ಕೇಳಿದರು, "ಸಿಂಗಾಪುರದಲ್ಲಿ ಹಚ್ಚಿದ ಜಿಗಣೆಗೆ ಸುಣ್ಣ ಮುಟ್ಟಿಸಿದ್ಯಂತೆ?"

ಅತ್ತೆ ಸಾರಿಗೆ ಅನ್ನ ಕಲೆಸುತ್ತಿದ್ದರು. "ವಯಸ್ಸಾತು ಮಂಜಪ್ಪಯ್ಯ. ಕೈ ತಪ್ತು."

"ಕೈ ತಪ್ತಾ? ನಂಗೆ ಎಂಟು ವರ್ಷ, ಮುಳ್ಳು ಹೊಕ್ಕು ಕಾಲು ಬಿಂದಿಗೆ ಆಗಿತ್ತು. ನಿಮ್ಮಜ್ಜಿ ಇದೇ ಜಗಲಿ ಮೇಲೆ ಕೂರಿಸಿ ಜಿಗಣೆ ಹಚ್ಚಿದ್ಲು. ಎಲೆ ಹಾಕ್ಕೊಂಡು ಬಂದವ್ರನ್ನ ಮೆಟ್ಲು ಹತ್ಲಿಕ್ಕೆ ಬಿಡ್ತಿರ್ಲಿಲ್ಲ, ಕೈಯಲ್ಲಿ ಸುಣ್ಣ ಇರ್ತದೆ ಅಂತ. ತಾನಾಗಿ ಬೀಳ್ಬೇಕು ಅಂತಿದ್ಲು. ಆಮೇಲೆ ಅರಿಶಿನ ಮುಟ್ಟಿಸಿ, ಕಾರಿಸಿ, ಕೆರೆಗೆ ಬಿಟ್ಟು ಬರ್ತಿದ್ಲು. ಅಂಥವಳ ಮೊಮ್ಮಗಳು ನೀನು! ಅವಳು ಇದ್ದಿದ್ರೆ ನಿನ್ನ ಕೈ ಮುರೀತಿದ್ಲು."

ಅಜ್ಜಿ ಇದ್ದರು. ಅರಿಶಿನ ಇತ್ತು, ಕೆರೆ ಇತ್ತು. ನಾನು ದಿನಚರಿಯಲ್ಲಿ ಪ್ರಶ್ನೆ ಹಾಕಿದ್ದೆಲ್ಲ ಇತ್ತು. ಆ ವಾರ್ಡಿಗೆ ಹೋಗಿಬರುತ್ತಿದ್ದ ನಮ್ಮಿಬ್ಬರಲ್ಲಿ, ಹಚ್ಚಿದ ಜಿಗಣೆಗೆ ಎಂದೂ ಸುಣ್ಣ ಮುಟ್ಟಿಸಲಾರದವರೆಂದರೆ ಅತ್ತೆಯೇ. ಪಂಕ್ತಿಯಲ್ಲಿ ಕೂತವರು ನಕ್ಕರು. ಅತ್ತೆ ತಲೆ ಎತ್ತಲಿಲ್ಲ. ಬೇರೆ ಯಾವ ಊರಿನಲ್ಲಿ ಯಾರು ನಕ್ಕರೂ ಅವರು ಜೊತೆಗೆ ನಗುತ್ತಿದ್ದರು. ಇದು ಅವರಜ್ಜಿಯ ಊರು.

"ಅತ್ತೆ ಅಲ್ಲ ಮಂಜಪ್ಪಯ್ಯ. ಹಚ್ಚಿದ್ದು ನಾನು," ಎಂದೆ. ಧ್ವನಿ ಜೋರಾಗಿಯೇ ಬಂತು. ಬಡಿಸುತ್ತಿದ್ದವರು ನಿಂತರು.

ಮಂಜಪ್ಪಯ್ಯ ನನ್ನನ್ನು ದಿಟ್ಟಿಸಿದರು. ಅವರ ಕಣ್ಣು ತೇವವಾಯಿತು.

"ನೀ ಸಾಕಿದ್ದು ಸಾರ್ಥಕ ಆತು ಗೌರಿ. ಹೆಂಗೆ ತನ್ನ ಮೇಲೆ ಹಾಕ್ಕೊಳ್ತದೆ ನೋಡು ಕೂಸು!"

ಸುತ್ತ ಎಲ್ಲರೂ ತಲೆಯಾಡಿಸಿದರು. ನಾನು ಮತ್ತೆ ಹೇಳಿದೆ. ಮತ್ತಷ್ಟು ಮೆಚ್ಚಿದರು. ಕಾಲೇಜಿನಲ್ಲಿ ಪಾಠ ಮಾಡುವವಳು ಹಾಗೆಲ್ಲ ಮಾಡುತ್ತಾಳೆಯೆ ಎಂದು ಯಾರೋ ಅಂದರು. ಅತ್ತೆ ಮಾತ್ರ ನನ್ನ ಎಲೆಯ ಕಡೆ ನೋಡಿ, "ಪಾಯಸ ಹಾಕಿಸ್ಕ. ನಮ್ಮ ಮಾಣಿ ಪ್ರಸನ್ನ ಮಾಡಿದ್ದು" ಎಂದರು.

ವಾಪಸು ಬರುವ ಬಸ್ಸಿನಲ್ಲಿ ಕೇಳಿದೆ, ಯಾಕೆ ಒಪ್ಪಿಕೊಂಡಿರಿ ಎಂದು. "ಬೆರಳು ಉಳೀತಲ್ಲ," ಎಂದು ಕಿಟಕಿಗೆ ಒರಗಿದರು. ಆಮೇಲೆ ಕಣ್ಣು ಮುಚ್ಚಿಕೊಂಡೇ, "ಅಜ್ಜಿ ವಿಷ್ಯ ಮಾತ್ರ ನೀ ನಂಬ್ಬೇಕಿತ್ತು" ಎಂದರು.

ಮನೆಗೆ ಬಂದು ಆ ಸುಳ್ಳು ಸಾಲಿನ ಮೇಲೆ, ಲಿಮ್ ಮಾಡಿದ ಹಾಗೆ, ಒಂದು ಗೆರೆ ಎಳೆದೆ. ಕೆಳಗೆ ನಿಜ ಬರೆದು, ಬರೆದ ದಿನ ಹಾಕಿ, ಸಹಿ ಮಾಡಿದೆ. ಆದರೆ ಬಾಯಲ್ಲಿ ಹೇಳಿದ್ದನ್ನು ನಂಬದ ಜನ ತಿದ್ದಿದ್ದನ್ನು ಯಾಕೆ ನಂಬುತ್ತಾರೆ? ಅತ್ತೆಯ ಮೇಲಿನ ಪ್ರೀತಿಗೆ ಬರೆದಿದ್ದಾಳೆ ಎನ್ನಬಹುದು. ಈ ಕಥನವನ್ನೂ ಹಾಗೆಯೇ ಓದಬಹುದು. ಅಂಥವರಿಗೆ ನಾನು ತೋರಿಸಬಲ್ಲದ್ದು ಅದಕ್ಕೂ ಹಿಂದಿನ ಒಂದು ಪುಟ. ಸುಳ್ಳು ಹೇಳಲು ನನಗೆ ಯಾವ ಕಾರಣವೂ ಹುಟ್ಟಿರದ ದಿನ, ವಿಮಾನದಲ್ಲಿ ಕೂತು, ಸ್ವಲ್ಪ ನಡುಗುವ ಅಕ್ಷರದಲ್ಲಿ ಬರೆದದ್ದು: ಅತ್ತೆಯ ಸುಣ್ಣದ ಡಬ್ಬಿ ನನ್ನ ಬ್ಯಾಗಿನಲ್ಲಿದೆ.